ಬಡ್ಡಿಯ ದರ ಮತ್ತು ಉಳಿದ ಲಾಭ

ಶ್ರವಣಬೆಳಗೊಳದ ಶಾಸನಗಳಲ್ಲಿ ಅರಸರ ಮತ್ತು ದಂಡನಾಯಕರ ದೊಡ್ಡ ದತ್ತಿಗಳೊಡನೆ ಸಾಮಾನ್ಯ ಶ್ರಾವಕರ ಸಣ್ಣ ದತ್ತಿಗಳೂ ದಾಖಲಾಗಿವೆ. 13ನೆಯ ಶತಮಾನದ ಇಂತಹ ಕೆಲವು ಶಾಸನಗಳ ವಿಷಯ ಒಂದೇ ಬಗೆಯದು. ದಾನಿಯು ಕೆಲವು ಗದ್ಯಾಣ ಹೊನ್ನನ್ನು ಇಡುಗಂಟಾಗಿ ಒಪ್ಪಿಸುತ್ತಾನೆ. ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ಇಂತಿಷ್ಟು ಅಳತೆಯ ಹಾಲು ಸಲ್ಲಬೇಕು. ಈ ಕಿರಿಯ ದಾಖಲೆಗಳಲ್ಲಿ ಹಣಕಾಸಿನ ಎರಡು ಹಿರಿಯ ತತ್ತ್ವಗಳು ಅಡಗಿವೆ. ಮೊದಲನೆಯದು, ಅಸಲು ಕರಗಬಾರದು. ಎರಡನೆಯದು, ಲಾಭವನ್ನು ಕೊನೆಗೆ ಅಳೆಯುವುದು ದರದಿಂದಲ್ಲ, ಕೈಗೆ ಬಂದ ವಸ್ತುವಿನಿಂದ. ಬಡ್ಡಿ ಎಷ್ಟೇ ಇರಲಿ, ಹಾಲು ಬಂದಿತೇ ಇಲ್ಲವೇ ಎಂಬುದೇ ಅಲ್ಲಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಇಂದು ಮತ್ತೆ ಕೇಳಬೇಕಾದ ಸಂದರ್ಭ ಒದಗಿದೆ. ವ್ಯಕ್ತಿಯಿಂದ ವ್ಯಕ್ತಿಗೆ ನೇರವಾಗಿ ಸಾಲ ದೊರಕಿಸುವ ‘ಪೀರ್-ಟು-ಪೀರ್’ ಪದ್ಧತಿಯು ನಮ್ಮ ಅನೇಕ ಕುಟುಂಬಗಳ ಉಳಿತಾಯವನ್ನು ತನ್ನತ್ತ ಸೆಳೆದಿದೆ.

ಪದ್ಧತಿಯ ಇತಿಹಾಸ

ಬ್ಯಾಂಕನ್ನು ಬದಿಗಿಟ್ಟು ಗಣಕಜಾಲದ ಮೂಲಕ ಸಾಲ ಕೊಡುವವರನ್ನೂ ಪಡೆಯುವವರನ್ನೂ ಒಂದುಗೂಡಿಸುವ ಕ್ರಮವನ್ನು 2005ರಲ್ಲಿ ಇಂಗ್ಲೆಂಡಿನ ‘ಜೋಪಾ’ ಸಂಸ್ಥೆ ಆರಂಭಿಸಿತು. ಮರುವರ್ಷ ಅಮೆರಿಕದಲ್ಲಿ ‘ಪ್ರಾಸ್ಪರ್’ ತಲೆಯೆತ್ತಿತು. ‘ಲೆಂಡಿಂಗ್ ಕ್ಲಬ್’ ಅದನ್ನು ಹಿಂಬಾಲಿಸಿತು. ಚೀನಾದಲ್ಲಿ ಇಂತಹ ಸಂಸ್ಥೆಗಳು ಸಾವಿರಾರು ಹುಟ್ಟಿ, ವಂಚನೆ ಮತ್ತು ದಿವಾಳಿಗಳ ಪರಂಪರೆಯೇ ನಡೆದು, 2020ರ ನವೆಂಬರ್ ವೇಳೆಗೆ ಎಲ್ಲವೂ ಮುಚ್ಚಿಹೋದವು. ಜೋಪಾ ಸಹ 2021ರ ಕೊನೆಯಲ್ಲಿ ಈ ವ್ಯವಹಾರವನ್ನು ಕೈಬಿಟ್ಟು ಬ್ಯಾಂಕಾಗಿಯೇ ಮುಂದುವರಿಯಿತು.

ಕರ್ನಾಟಕದ ಮಟ್ಟಿಗೆ ಈ ಪದ್ಧತಿಗೆ ಬೆಂಗಳೂರಿನ ಹೊರವಲಯದಷ್ಟು ಅನುಕೂಲವಾದ ನೆಲ ಬೇರೊಂದಿಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗ ಅವರ ದೂರದೃಷ್ಟಿಯಿಂದ 332 ಎಕರೆಯಲ್ಲಿ ಮೊದಲಾದ ಎಲೆಕ್ಟ್ರಾನಿಕ್ ಸಿಟಿ, 1990ರ ದಶಕದಿಂದ ಬೆಳೆದ ವೈಟ್‌ಫೀಲ್ಡ್, ಸಣ್ಣ ಕಾರ್ಖಾನೆಗಳ ಪೀಣ್ಯ, ಇವು ಹಣವುಳ್ಳವರನ್ನೂ ಹಣ ಬೇಕಾದವರನ್ನೂ ಒಂದೇ ನಗರದ ಅಂಚುಗಳಲ್ಲಿ ನೆಲೆಗೊಳಿಸಿವೆ. ಒಂದೆಡೆ ತಿಂಗಳ ಸಂಬಳದಲ್ಲಿ ಮಿಗಿಸುವ ತಂತ್ರಜ್ಞ. ಇನ್ನೊಂದೆಡೆ ಮಾಲು ಕೊಟ್ಟು ಬಿಲ್ಲಿನ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವ ಕಾರ್ಖಾನೆಯ ಮಾಲೀಕ, ಕೈಸಾಲ ಹುಡುಕುವ ಕಾರ್ಮಿಕ.

ಬೆಂಗಳೂರಿನಲ್ಲಿ ಈ ಪದ್ಧತಿಯು ಎರಡು ಮುಖಗಳನ್ನು ತೋರಿತು. 2008ರಲ್ಲಿ ಎನ್. ಕೆ. ರಾಮಕೃಷ್ಣ ಮತ್ತು ಸ್ಮಿತಾ ರಾಮ್ ಆರಂಭಿಸಿದ ‘ರಂಗ್ ದೇ’ ಬಡವರಿಗೆ ಕಡಿಮೆ ಬಡ್ಡಿಯ ಸಾಲ ತಲುಪಿಸುವುದನ್ನೇ ಗುರಿಯಾಗಿಸಿಕೊಂಡಿತು. ಅಲ್ಲಿ ಹಣ ಕೊಡುವವನು ದೊಡ್ಡ ಲಾಭವನ್ನು ಅಪೇಕ್ಷಿಸುವುದಿಲ್ಲ. 2021ರ ಆಗಸ್ಟಿನಲ್ಲಿ ‘ಕ್ರೆಡ್’ ಸಂಸ್ಥೆಯು ಹೊರತಂದ ‘ಮಿಂಟ್’ ಯೋಜನೆಯಾದರೋ ವರ್ಷಕ್ಕೆ ಶೇಕಡ 9ರ ವರೆಗಿನ ಲಾಭವನ್ನು ಮುಂದಿಟ್ಟಿತು. ಒಂದು ಉಪಕಾರದ ಮಾರ್ಗ, ಇನ್ನೊಂದು ಹೂಡಿಕೆಯ ಮಾರ್ಗ. ಎರಡರಲ್ಲಿಯೂ ಸಾಲ ಮುಳುಗುವ ಸಂಭವವುಂಟು.

ರಿಸರ್ವ್ ಬ್ಯಾಂಕು 2017ರ ಅಕ್ಟೋಬರ್ 4ರಂದು ಈ ಸಂಸ್ಥೆಗಳಿಗೆ ನಿಯಮಾವಳಿಯನ್ನು ವಿಧಿಸಿತು. ಒಬ್ಬನು ಒಬ್ಬನಿಗೆ ರೂ. 50,000ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಒಬ್ಬನು ಒಟ್ಟು ಕೊಡಬಹುದಾದ ಮಿತಿ ಮೊದಲು ರೂ. 10 ಲಕ್ಷವಿದ್ದು 2019ರ ಡಿಸೆಂಬರಿನಲ್ಲಿ ರೂ. 50 ಲಕ್ಷವಾಯಿತು. ಆದರೂ ಕೆಲವು ಸಂಸ್ಥೆಗಳು ಇದನ್ನು ಬ್ಯಾಂಕಿನ ಠೇವಣಿಯಂತೆ, ಬೇಕಾದಾಗ ಹಿಂಪಡೆಯಬಹುದಾದ ನಿಶ್ಚಿತ ಲಾಭದಂತೆ ಬಿಂಬಿಸಿದವು. 2024ರ ಆಗಸ್ಟ್ 16ರಂದು ರಿಸರ್ವ್ ಬ್ಯಾಂಕು ಇದನ್ನು ತಡೆಯಿತು. ಖಚಿತ ಲಾಭದ ಭರವಸೆ ಕೂಡದು, ನಷ್ಟವನ್ನು ಸಂಸ್ಥೆಯು ತುಂಬಿಕೊಡುವಂತಿಲ್ಲ, ಅಸಲು ಅಥವಾ ಬಡ್ಡಿ ಮುಳುಗಿದರೆ ಅದು ಸಾಲ ಕೊಟ್ಟವನದೇ ನಷ್ಟವೆಂದು ಸ್ಪಷ್ಟಪಡಿಸಿತು.

ಲೆಕ್ಕದ ಬಗೆ

ಹೀಗಿರುವಾಗ ನಿಜವಾದ ಲಾಭವನ್ನು ಕಂಡುಹಿಡಿಯುವುದು ಹೇಗೆ? ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಬ್ಬ ಗೃಹಸ್ಥನು ರೂ. 1,00,000ವನ್ನು ನೂರು ಜನರಿಗೆ ತಲಾ ಸಾವಿರದಂತೆ, ಒಂದು ವರ್ಷಕ್ಕೆ, ಶೇಕಡ 20ರ ಬಡ್ಡಿಗೆ ಕೊಡುತ್ತಾನೆ. ಎಲ್ಲರೂ ವರ್ಷದ ಕೊನೆಯಲ್ಲಿ ಒಟ್ಟಿಗೆ ತೀರಿಸುವರೆಂದು ಇಟ್ಟುಕೊಳ್ಳೋಣ. ನೂರರಲ್ಲಿ ಎಂಟು ಮಂದಿ ಏನನ್ನೂ ಹಿಂದಿರುಗಿಸಲಿಲ್ಲ. ಉಳಿದ 92 ಮಂದಿಯಿಂದ ಬಂದ ಹಣ ರೂ. 1,10,400. ಸಂಸ್ಥೆಯ ಶುಲ್ಕ ಶೇಕಡ 1 ಎಂದರೆ ರೂ. 1,000, ಅದನ್ನು ಕಳೆದರೆ ರೂ. 1,09,400.

ಇನ್ನು ತೆರಿಗೆ. ಬಂದ ಬಡ್ಡಿ ರೂ. 18,400. ಸಂಬಳದಾರನಾದ ಗೃಹಸ್ಥನಿಗೆ, ಮುಳುಗಿದ ರೂ. 8,000 ಅಸಲನ್ನು ಈ ಬಡ್ಡಿಯಿಂದ ಕಳೆಯಲು ಸಾಮಾನ್ಯವಾಗಿ ಅವಕಾಶವಿಲ್ಲ. ಶೇಕಡ 30ರ ತೆರಿಗೆ, ಅದರ ಮೇಲೆ ಶೇಕಡ 4ರ ಉಪಕರ ಸೇರಿ ರೂ. 5,741 ಆಗುತ್ತದೆ. ಕೈಯಲ್ಲಿ ಉಳಿದದ್ದು ರೂ. 1,03,659. ಶೇಕಡ 20 ಎಂದು ಕಂಡದ್ದು ಇಲ್ಲಿಗೆ ಶೇಕಡ 3.66 ಆಯಿತು. ಬೆಲೆಯೇರಿಕೆಯನ್ನೂ ಗಣಿಸಬೇಕು. 2023-24ರಲ್ಲಿ ಭಾರತದ ಗ್ರಾಹಕ ಬೆಲೆಗಳು ಸರಾಸರಿ ಶೇಕಡ 5.4ರಷ್ಟು ಏರಿದವು. ಆ ದರದಲ್ಲಿ ಅವನ ಹಣಕ್ಕೆ ವರ್ಷದ ಹಿಂದಿನ ರೂ. 98,348ರಷ್ಟು ಮಾತ್ರ ಕೊಳ್ಳುವ ಶಕ್ತಿ. ಬಡ್ಡಿ ಬಂದಿದೆ, ಅಸಲು ಕರಗಿದೆ.

ಅದೇ ಹಣ ಬ್ಯಾಂಕಿನಲ್ಲಿ ಶೇಕಡ 7ರ ಠೇವಣಿಯಲ್ಲಿದ್ದಿದ್ದರೆ, ತೆರಿಗೆ ಕಳೆದು ರೂ. 1,04,816 ಉಳಿಯುತ್ತಿತ್ತು; ಕೊಳ್ಳುವ ಶಕ್ತಿಯಲ್ಲಿ ರೂ. 99,446. ಅಲ್ಲಿಯೂ ತುಸು ನಷ್ಟವೇ. ಆದರೆ ಠೇವಣಿಗೆ ರೂ. 5 ಲಕ್ಷದ ವರೆಗೆ ವಿಮೆಯಿದೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮುಳುಗಿಸಿದವರು ಎಂಟರ ಬದಲು ಮೂವರಾಗಿದ್ದರೆ, ಇದೇ ಕ್ರಮದಲ್ಲಿ ಲೆಕ್ಕ ಹಾಕಿದಾಗ ಗೃಹಸ್ಥನಿಗೆ ಬೆಲೆಯೇರಿಕೆಯನ್ನು ಕಳೆದೂ ಶೇಕಡ 3.7ರಷ್ಟು ಲಾಭ ಉಳಿಯುತ್ತಿತ್ತು. ನೂರಕ್ಕೆ ಐದು ಜನರ ವ್ಯತ್ಯಾಸವೇ ಲಾಭವನ್ನು ನಷ್ಟವಾಗಿಸುತ್ತದೆ; ಜಾಹೀರಾತಿನ ದರದಲ್ಲಿ ಆ ಐವರು ಕಾಣುವುದೇ ಇಲ್ಲ.

ವಾಸ್ತವದಲ್ಲಿ ಸಾಲವು ಹೆಚ್ಚಾಗಿ ತಿಂಗಳ ಕಂತುಗಳಲ್ಲಿ ಮರಳುತ್ತದೆ. ರೂ. 1,00,000ವನ್ನು ಶೇಕಡ 24ಕ್ಕೆ ಹನ್ನೆರಡು ಕಂತುಗಳಲ್ಲಿ ಕೊಟ್ಟರೆ ಕಂತು ರೂ. 9,456, ವರ್ಷದ ಒಟ್ಟು ಬಡ್ಡಿ ರೂ. 13,472 ಮಾತ್ರ. ಅಸಲು ತಿಂಗಳು ತಿಂಗಳು ಹಿಂದಿರುಗುವುದೇ ಇದಕ್ಕೆ ಕಾರಣ. ಹಿಂದಿರುಗಿದ ಹಣ ಕೂಡಲೇ ಮತ್ತೆ ಸಾಲವಾಗದೆ ಸುಮ್ಮನೆ ಬಿದ್ದಿದ್ದರೆ ಇಡೀ ಲಕ್ಷದ ಮೇಲಿನ ವರ್ಷದ ಗಳಿಕೆ ಅಷ್ಟೇ. ಆದುದರಿಂದ ಹಣ ಕೊಟ್ಟ ದಿನ, ಬಂದ ದಿನ, ಮೊತ್ತ ಇವನ್ನು ಸಾಲುಸಾಲಾಗಿ ಬರೆದು, ಗಣಕಯಂತ್ರದಲ್ಲಿರುವ ‘ಎಕ್ಸ್‌ಐಆರ್‌ಆರ್’ ಸೂತ್ರದಿಂದ ವಾರ್ಷಿಕ ದರ ತೆಗೆಯುವುದೇ ಸರಿಯಾದ ಕ್ರಮ. ತಡವಾದ ಬಾಕಿಯನ್ನು ಬಂದೀತೆಂದು ಜಮೆಯ ಬದಿಗೆ ಬರೆದುಕೊಳ್ಳಬಾರದು. ಪ್ರತಿ ತಿಂಗಳೂ ಹೊಸ ಸಾಲ ಕೊಡುವವನು ಇನ್ನೂ ಎಚ್ಚರದಿಂದಿರಬೇಕು: ಹೊಸ ಸಾಲಗಳಿಗೆ ಮುಳುಗಲು ಇನ್ನೂ ಕಾಲ ಸಿಕ್ಕಿರುವುದಿಲ್ಲ, ಅವು ಒಟ್ಟು ಮೊತ್ತವನ್ನು ಹಿಗ್ಗಿಸಿ ಹಳೆಯ ನಷ್ಟವನ್ನು ಮರೆಮಾಡುತ್ತವೆ. ಒಂದೊಂದು ವರ್ಷ ಕೊಟ್ಟ ಸಾಲವನ್ನು ಪ್ರತ್ಯೇಕವಾಗಿಟ್ಟು ಕೊನೆಯವರೆಗೆ ನೋಡಿದಾಗಲೇ ಸತ್ಯ ತಿಳಿಯುತ್ತದೆ.

ಅಣುವ್ರತದ ದೃಷ್ಟಿ

ತತ್ತ್ವಾರ್ಥಸೂತ್ರವು ಅಣುವ್ರತಗಳ ಅತಿಚಾರಗಳನ್ನು ಎಣಿಸುವಾಗ ಸತ್ಯವ್ರತಕ್ಕೆ ಕೂಟಲೇಖಕ್ರಿಯೆಯನ್ನೂ ಅಚೌರ್ಯವ್ರತಕ್ಕೆ ಹೀನಾಧಿಕಮಾನೋನ್ಮಾನವನ್ನೂ ಹೇಳುತ್ತದೆ. ಸುಳ್ಳು ಬರಹವೂ ಹೆಚ್ಚುಕಡಿಮೆಯ ಅಳತೆಯೂ ದೋಷಗಳು. ಮುಳುಗಿದ್ದನ್ನು ಬಿಟ್ಟು ಹೇಳುವ ದರವು ಕೊರತೆಯ ಸೇರಿನಂತೆಯೇ ಅಲ್ಲವೇ? ಈ ಸೇರಿನಿಂದ ಅನ್ಯರಿಗೆ ಅಳೆದುಕೊಡುವುದು ತಪ್ಪಾದರೆ, ತನಗೆ ತಾನೇ ಅಳೆದುಕೊಂಡು ಸಂತೋಷಪಡುವುದೂ ವಿವೇಕವಲ್ಲ. ಹೆಚ್ಚಿನ ದರದ ಇನ್ನೊಂದು ತುದಿಯಲ್ಲಿ ಅದನ್ನು ತೆರಬೇಕಾದ ಮನುಷ್ಯನಿದ್ದಾನೆಂಬುದನ್ನೂ ಶ್ರಾವಕನು ಮರೆಯಬಾರದು. ಭಾರವಾದ ಬಡ್ಡಿಯೇ ಎಷ್ಟೋ ವೇಳೆ ಸಾಲ ಮುಳುಗಲು ಕಾರಣವಾಗುತ್ತದೆ.

ಬಸದಿಗಳ ನ್ಯಾಸಗಳಿಗಂತೂ ಈ ಮಾರ್ಗ ಸಲ್ಲದು. ಧಾರ್ಮಿಕ ನ್ಯಾಸಗಳು ಹಣವಿಡಬಹುದಾದ ಮಾರ್ಗಗಳನ್ನು ಆದಾಯ ತೆರಿಗೆಯ ಕಾನೂನು ಹೆಸರಿಸಿದೆ. ವ್ಯಕ್ತಿಗಳಿಗೆ ಕೊಡುವ ಇಂತಹ ಸಾಲ ಅವುಗಳಲ್ಲಿಲ್ಲ. ಗೃಹಸ್ಥನು ತನ್ನ ಸ್ವಂತ ಹಣದ ಒಂದು ಮಿತವಾದ ಭಾಗವನ್ನು, ಕಳೆದುಕೊಂಡರೂ ಸಂಸಾರ ಕೆಡದಷ್ಟನ್ನು, ತಿಳಿದು ಕೊಡಬಹುದು. ಉಪಕಾರಕ್ಕಾಗಿ ಕೊಡುವವನು ಉಪಕಾರವೆಂದೇ ಬರೆದಿಡಲಿ. ಲಾಭಕ್ಕಾಗಿ ಕೊಡುವವನು ಶುಲ್ಕ, ನಷ್ಟ, ತೆರಿಗೆ, ಬೆಲೆಯೇರಿಕೆ ನಾಲ್ಕನ್ನೂ ಕಳೆದ ಮೇಲೆಯೇ ಲಾಭವೆಂಬ ಮಾತನ್ನಾಡಲಿ. ದೇವರ ಇಡುಗಂಟನ್ನು ಕಾಯುವವರು, ದಾನಿಯ ಹೆಸರಿನಲ್ಲಿ ಅಭಿಷೇಕದ ಹಾಲು ಮುಂದಿನ ವರ್ಷವೂ ಅಷ್ಟೇ ಅಳತೆಗೆ ಬರುವುದೇ ಎಂದು ಪ್ರತಿವರ್ಷದ ಲೆಕ್ಕಪತ್ರದಲ್ಲಿ ನೋಡಿಕೊಂಡರೆ ಸಾಕು.