ಭೂಮಿತಿ ಕಾಯ್ದೆ ರದ್ದಾಯಿತು. ನಗರದಂಚಿನ ಹೊಲದ ವ್ಯಾಜ್ಯ ಮುಗಿಯಿತೇ?

"ಸೀಲಿಂಗ್ ಕಾಯ್ದೆ ಹೋಯಿತು, ಇನ್ನು ಜಮೀನು ನಮ್ಮದೇ" ಎಂಬ ಮಾತನ್ನು ನಮ್ಮ ಬಂಧುಬಳಗದಲ್ಲಿ ಆಗಾಗ ಕೇಳುತ್ತೇವೆ. ಪುಣೆ, ಠಾಣೆ, ಹೈದರಾಬಾದುಗಳ ಅಂಚಿನಲ್ಲಿಯೋ, ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡಗಳ ಬದಿಯಲ್ಲಿಯೋ ಹಿರಿಯರ ಕಾಲದ ಹೊಲವುಳ್ಳ ಕುಟುಂಬಗಳಿಗೆ ಈ ಮಾತು ಹಿತವೆನಿಸುವುದು ಸಹಜ. ಆದರೆ ಇದು ಅರ್ಧ ಸತ್ಯ ಮಾತ್ರ. ಯಾವ ಕಾಯ್ದೆ ರದ್ದಾಯಿತು, ಯಾವುದು ಉಳಿದಿದೆ, ರದ್ದಾದ ದಿನ ಜಮೀನು ಯಾರ ಸ್ವಾಧೀನದಲ್ಲಿತ್ತು ಎಂಬ ಮೂರು ಸಂಗತಿಗಳನ್ನು ಅರಿಯದೆ ಹಕ್ಕಿನ ಬಗ್ಗೆ ಮಾತನಾಡುವಂತಿಲ್ಲ.

ಎರಡು ಬಗೆಯ ಮಿತಿ

ನಮ್ಮ ದೇಶದಲ್ಲಿ ಭೂಮಿತಿ ಕಾನೂನುಗಳು ಎರಡು ಬಗೆಯವು. ಕೃಷಿ ಜಮೀನಿನ ಮಿತಿಯನ್ನು ಆಯಾ ರಾಜ್ಯಗಳ ಕಾಯ್ದೆಗಳು ನಿಗದಿಪಡಿಸುತ್ತವೆ. ಕರ್ನಾಟಕ ಭೂಸುಧಾರಣಾ ಕಾಯ್ದೆ ಮತ್ತು ಮಹಾರಾಷ್ಟ್ರದ ಕೃಷಿ ಜಮೀನು ಮಿತಿ ಕಾಯ್ದೆ ಎರಡೂ 1961ರವು. ಇವು ರದ್ದಾಗಿಲ್ಲ. ಮಹಾರಾಷ್ಟ್ರದಲ್ಲಿ ವರ್ಷವಿಡೀ ನೀರಾವರಿಯುಳ್ಳ ಜಮೀನಿಗೆ 18 ಎಕರೆ, ಒಣ ಜಮೀನಿಗೆ 54 ಎಕರೆಯ ಮಿತಿಯಿದೆ.

ರದ್ದಾದದ್ದು 1976ರ ನಗರ ಭೂಮಿತಿ ಕಾಯ್ದೆ. ಮುಂಬಯಿ ಮತ್ತು ದೆಹಲಿಗಳಲ್ಲಿ 500 ಚದರ ಮೀಟರ್, ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ 1000, ಅದಕ್ಕಿಂತ ಚಿಕ್ಕ ನಗರಗಳಲ್ಲಿ 1500 ಅಥವಾ 2000 ಚದರ ಮೀಟರಿಗಿಂತ ಹೆಚ್ಚಿನ ಖಾಲಿ ಜಾಗವನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹೆಚ್ಚುವರಿ ಜಾಗಕ್ಕೆ ಸರಕಾರ ಕೊಡುವ ಮೊಬಲಗು ಯಾವ ಸಂದರ್ಭದಲ್ಲಿಯೂ 2 ಲಕ್ಷ ರೂಪಾಯಿ ಮೀರುವಂತಿರಲಿಲ್ಲ.

ಹೊಲವು ಖಾಲಿ ಜಾಗವಾದದ್ದು ಹೇಗೆ?

ಮುಖ್ಯವಾಗಿ ಬೇಸಾಯಕ್ಕೆ ಬಳಕೆಯಾಗುವ ಭೂಮಿಯನ್ನು 1976ರ ಕಾಯ್ದೆಯು ನಗರ ಭೂಮಿಯೆಂದು ಎಣಿಸಲಿಲ್ಲ. ಆದರೆ ಈ ವಿನಾಯಿತಿಗೆ ಷರತ್ತುಗಳಿದ್ದವು. ತೋಟಗಾರಿಕೆ ಬೇಸಾಯವೆನಿಸಿತು, ಹುಲ್ಲು ಬೆಳೆಸುವುದು, ಹೈನುಗಾರಿಕೆ, ಕೋಳಿ ಸಾಕಣೆ ಬೇಸಾಯವೆನಿಸಲಿಲ್ಲ. ಕಾಯ್ದೆ ಜಾರಿಗೆ ಬರುವ ಮುನ್ನವೇ ಕಂದಾಯ ದಾಖಲೆಯಲ್ಲಿ ಕೃಷಿಯೆಂದು ನಮೂದಾಗಿರಬೇಕಿತ್ತು. ನಗರದ ಮಹಾಯೋಜನೆಯಲ್ಲಿ ಆ ಭೂಮಿಯನ್ನು ವಸತಿಗೋ ಕೈಗಾರಿಕೆಗೋ ಗುರುತಿಸಿದ್ದರೆ, ಹೊಲದಲ್ಲಿ ಜೋಳ ನಿಂತಿದ್ದರೂ ವಿನಾಯಿತಿ ದೊರೆಯುತ್ತಿರಲಿಲ್ಲ.

ಕಾಯ್ದೆ ಬಂದ ನಂತರ ರೂಪುಗೊಂಡ ಮಹಾಯೋಜನೆಗೂ ಈ ಬಲವುಂಟೇ ಎಂಬುದು ದೊಡ್ಡ ತಕರಾರಾಯಿತು. 1993ರಲ್ಲಿ ಅತಿಯಾ ಮೊಹಮ್ಮದಿ ಬೇಗಂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇಲ್ಲವೆಂದಿತು. ಮುಂದೆ ಆಂಧ್ರದ ಆದಿಕೇಶವ ರೆಡ್ಡಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ನಿಲುವನ್ನು ಬದಲಿಸಿ, ನಂತರದ ಯೋಜನೆಯನ್ನೂ ಪರಿಗಣಿಸಬೇಕೆಂದಿತು. ನಗರ ಬೆಳೆದಂತೆಲ್ಲ ಅದರಂಚಿನ ರೈತನು ಮಿತಿಯ ಬಲೆಗೆ ಬಿದ್ದದ್ದು ಹೀಗೆ.

ರದ್ದತಿ ಉಳಿಸಿಕೊಂಡದ್ದು

ಕೇಂದ್ರವು 1999ರಲ್ಲಿ ರದ್ದತಿ ಕಾಯ್ದೆಯನ್ನು ತಂದಿತು. ಕರ್ನಾಟಕ ಅದೇ ವರ್ಷ, ಮಹಾರಾಷ್ಟ್ರ 2007ರ ನವೆಂಬರ್ 29ರಂದು, ಅಂದಿನ ಅಖಂಡ ಆಂಧ್ರಪ್ರದೇಶ 2008ರಲ್ಲಿ ಅದನ್ನು ಅಂಗೀಕರಿಸಿದವು. ತಮಿಳುನಾಡು ತನ್ನದೇ ಆದ 1978ರ ಕಾಯ್ದೆಯನ್ನು 1999ರಲ್ಲಿ ಪ್ರತ್ಯೇಕವಾಗಿ ರದ್ದುಪಡಿಸಿತು.

ಆದರೆ ಕೇಂದ್ರದ ರದ್ದತಿ ಕಾಯ್ದೆಯು ಹಳೆಯದನ್ನೆಲ್ಲ ಅಳಿಸಿಹಾಕಲಿಲ್ಲ. ಹೆಚ್ಚುವರಿ ಭೂಮಿ ಸರಕಾರಕ್ಕೆ ಸೇರಿ, ಅದರ ಸ್ವಾಧೀನವೂ ಆಗಿದ್ದರೆ ಅದು ಸರಕಾರದ್ದೇ. ಕಾಗದದ ಮೇಲೆ ಸೇರಿ, ಸ್ವಾಧೀನ ಮಾತ್ರ ಆಗದಿದ್ದರೆ ಭೂಮಿ ಮಾಲೀಕನಿಗೇ ಉಳಿಯುತ್ತದೆ. ಆದರೆ ಪಡೆದ ಹಣವಿದ್ದರೆ ಅದನ್ನು ಹಿಂದಿರುಗಿಸಬೇಕು. ಇತ್ಯರ್ಥವಾಗದ ನಡಾವಳಿಗಳು ಅಲ್ಲಿಗೇ ನಿಲ್ಲುತ್ತವೆ. 20ನೆಯ ಕಲಮಿನಡಿ ಷರತ್ತಿನ ಮೇಲೆ ಕೊಟ್ಟ ವಿನಾಯಿತಿಗಳೂ ಉಳಿದುಕೊಂಡವು. ಆ ಷರತ್ತುಗಳನ್ನು ಸರಕಾರ ಈಗಲೂ ಜಾರಿಮಾಡಬಹುದೆಂದು ಮುಂಬಯಿ ಉಚ್ಚ ನ್ಯಾಯಾಲಯದ ಪೂರ್ಣಪೀಠ 2014ರಲ್ಲಿ ಹೇಳಿತು.

ಸ್ವಾಧೀನವೆಂದರೆ ಏನು?

ಹೀಗಾಗಿ ಇಡೀ ವ್ಯಾಜ್ಯ 'ಸ್ವಾಧೀನ' ಎಂಬ ಒಂದು ಪದದ ಮೇಲೆ ನಿಂತಿತು. ಉತ್ತರಪ್ರದೇಶ ಸರಕಾರ ಮತ್ತು ಹರಿ ರಾಮ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಮಹತ್ವದ ತೀರ್ಪಿತ್ತಿತು. ಭೂಮಿ ಸರಕಾರಕ್ಕೆ ಸೇರಿತೆಂಬ ಅಧಿಸೂಚನೆಯಿಂದ ಕಾನೂನಿನ ಹಕ್ಕು ಮಾತ್ರ ಹೋಗುತ್ತದೆ, ನಿಜವಾದ ಕಬ್ಜೆ ಹೋಗುವುದಿಲ್ಲ. ಮಾಲೀಕನು ತಾನಾಗಿ ಬಿಟ್ಟುಕೊಟ್ಟಿರಬೇಕು. ಇಲ್ಲವೇ 30 ದಿನಗಳ ನೋಟಿಸು ಕೊಟ್ಟು, ಆತ ಮಣಿಯದಿದ್ದಾಗ ಬಲವಂತವಾಗಿ ವಶಪಡಿಸಿಕೊಂಡಿರಬೇಕು.

ಹಾಗೆಂದು ಕೈಕಟ್ಟಿ ಕುಳಿತವರಿಗೆ ಇದು ರಕ್ಷೆಯಾಗದು. ಅಸ್ಸಾಮಿನ ಭಾಸ್ಕರಜ್ಯೋತಿ ಶರ್ಮಾ ಪ್ರಕರಣದಲ್ಲಿ ಅದೇ ನ್ಯಾಯಾಲಯ 2014ರಲ್ಲಿ ಎಚ್ಚರಿಕೆಯ ಮಾತು ಹೇಳಿತು: ಸರಕಾರ ನಿಜವಾಗಿಯೂ ವಶಪಡಿಸಿಕೊಂಡಾಗ ಸುಮ್ಮನಿದ್ದು, ರದ್ದತಿಯ ನಂತರ ನೋಟಿಸು ಬಂದಿರಲಿಲ್ಲವೆಂದು ಆಕ್ಷೇಪಿಸಿದರೆ ಫಲವಿಲ್ಲ.

ಕರ್ನಾಟಕದ 2020ರ ತಿದ್ದುಪಡಿ

ಊರಿನ ಜಮೀನಿನ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಅದೂ 1974ರ ಮಾರ್ಚ್ 1ರಿಂದಲೇ ಅನ್ವಯವಾಗುವಂತೆ. ಕೃಷಿಯೇತರ ಆದಾಯ ಹೆಚ್ಚಿರುವವರು ಹೊಲ ಕೊಳ್ಳಬಾರದು, ಸ್ವತಃ ಬೇಸಾಯ ಮಾಡದವರು ಹೊಲ ಹೊಂದಿರಬಾರದು ಎಂಬ ನಿರ್ಬಂಧಗಳು ಹೀಗೆ ತೆರವಾದವು. ಆ ಕಲಮುಗಳಡಿ ಬಾಕಿಯಿದ್ದ ಪ್ರಕರಣಗಳೂ ಬಿದ್ದುಹೋದವು. ಆದರೆ ಇವು ಯಾರು ಕೊಳ್ಳಬಹುದು ಎಂಬ ನಿರ್ಬಂಧಗಳೇ ಹೊರತು ಎಷ್ಟು ಹೊಂದಿರಬಹುದು ಎಂಬ ಮಿತಿಯಲ್ಲ. 63ನೆಯ ಕಲಮಿನ ಮಿತಿ ಈ ತಿದ್ದುಪಡಿಯಿಂದ ತೊಲಗಿಲ್ಲ.

ನೋಡಬೇಕಾದ ಕಾಗದಗಳು

ಬ್ಯಾಂಕಿನಲ್ಲಿ ಆಸ್ತಿಪತ್ರಗಳನ್ನು ನೋಡುತ್ತ ಬಂದ ನಮ್ಮ ಅನುಭವವಿಷ್ಟೆ: ಕೊಳ್ಳುವವರೂ ಮಾರುವವರೂ ಮಾಲೀಕನ ಹೆಸರನ್ನು ನೋಡಿ ಸಮಾಧಾನಪಡುತ್ತಾರೆ, ಇತರ ಹಕ್ಕುಗಳ ಕಾಲಮನ್ನು ಓದುವುದಿಲ್ಲ. ಕಾಯ್ದೆ ಹೋದರೂ ಸಾತ್‌ಬಾರಾ ಉತಾರೆಯಲ್ಲಿ ಅಥವಾ ಪಹಣಿಯಲ್ಲಿ 'ಹೆಚ್ಚುವರಿ ಭೂಮಿ' ಎಂಬ ಹಳೆಯ ನಮೂದು ಉಳಿದಿರಬಹುದು. ಅದಿದ್ದಲ್ಲಿ ಹಿರಿಯರು ಸಲ್ಲಿಸಿದ್ದ ವಿವರಪತ್ರ, ಸಕ್ಷಮ ಪ್ರಾಧಿಕಾರದ ಆದೇಶ, ಸ್ವಾಧೀನದ ನೋಟಿಸು, ಪಂಚನಾಮೆ, ಹಣ ಪಡೆದ ರಸೀದಿ ಇವುಗಳ ದೃಢೀಕೃತ ಪ್ರತಿ ಪಡೆಯಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ ಇವನ್ನು ಕೇಳಬಹುದು. ರದ್ದಾದ ದಿನಾಂಕದ ಹಿಂದುಮುಂದಿನ ವರ್ಷಗಳ ಬೆಳೆ ನಮೂದು ಮತ್ತು ಕಂದಾಯದ ರಸೀದಿಗಳೂ ಕಬ್ಜೆಗೆ ಪೋಷಕವಾಗುತ್ತವೆ.

ಈ ಕಾಗದಗಳನ್ನು ಕೂಡಿಸಿ ಅನುಭವವುಳ್ಳ ವಕೀಲರಿಗೆ ತೋರಿಸುವವರೆಗೆ ಪಾಲುಪತ್ರವನ್ನಾಗಲಿ ಕ್ರಯಪತ್ರವನ್ನಾಗಲಿ ಬರೆಯದಿರುವುದು ಲೇಸು. ಅಂದಿನ ನೋಟಿಸಿನ ಸಂಗತಿ ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರು ನಮ್ಮೊಡನಿರುವಾಗಲೇ ಕೇಳಿ ಬರೆದಿಟ್ಟುಕೊಂಡರೆ, ಮುಂದಿನ ಪೀಳಿಗೆಯು ಕೋರ್ಟಿನ ಮೆಟ್ಟಿಲೇರುವುದು ತಪ್ಪೀತು.