ಕತ್ತಲೆಕೋಣೆಯಿಂದ ಲೇಯರ್‌ವರೆಗೆ

1857ರಲ್ಲಿ ಇಂಗ್ಲೆಂಡಿನಲ್ಲಿ ಛಾಯಾಗ್ರಾಹಕ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ಚಿತ್ರ ಕಟ್ಟಿದ. ಒಂದು ನೆಗೆಟಿವ್ ಅಚ್ಚಾಗುವಾಗ ಕಾಗದದ ಉಳಿದ ಭಾಗಕ್ಕೆ ಬೆಳಕು ತಾಗದಂತೆ ಮುಚ್ಚಬೇಕು. ಮುಂದಿನದನ್ನು ಅದರ ಅಂಚಿಗೆ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಬೇಕು. ವಾರಗಟ್ಟಲೆ ಹಿಡಿದ ಕೆಲಸ. ಆ ಚಿತ್ರದಲ್ಲಿ ಬೆತ್ತಲೆ ಮೈಗಳಿವೆಯೆಂದು ಕೆಲವರು ಮೂಗು ಮುರಿದರು. ವಿಕ್ಟೋರಿಯಾ ರಾಣಿ ಮಾತ್ರ ಒಂದು ಪ್ರತಿ ಕೊಂಡಳು!

ಹೀಗೆ ಹಲವು ಚಿತ್ರಗಳನ್ನು ಒಂದಾಗಿ ಜೋಡಿಸುವ ವಿದ್ಯೆ ಕಂಪ್ಯೂಟರಿಗೂ ಸುಲಭವಾಗಿ ಒಲಿಯಲಿಲ್ಲ. ಪಾರದರ್ಶಕತೆ ಲೆಕ್ಕಹಾಕಿ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದರು. 1990ರ ಮೊದಲ ಫೋಟೋಶಾಪ್‌ನಲ್ಲಿ ತುಣುಕುಗಳನ್ನು ಬೇರೆ ಬೇರೆ ಪದರಗಳಾಗಿ ಇಡುವ ಲೇಯರ್ ಇರಲಿಲ್ಲ; ಅಂಟಿಸಿದ ತುಣುಕು ಆಯ್ಕೆ ಬಿಟ್ಟೊಡನೆ ಹಿನ್ನೆಲೆಯಲ್ಲಿ ಬೆರೆತುಹೋಗುತ್ತಿತ್ತು.

ಲೇಯರ್ ಬಂದದ್ದು 1994ರಲ್ಲಿ, ಮೂರನೇ ಆವೃತ್ತಿಯಲ್ಲಿ. ಪ್ರತಿ ಲೇಯರೂ ಮೆಮೊರಿ ನುಂಗುತ್ತಿದ್ದುದರಿಂದ ಅಂದಿನವರು ಆಗಾಗ ಅವನ್ನು ಒಂದಾಗಿಸಿ ಮರ್ಜ್ ಮಾಡಲೇಬೇಕಿತ್ತು. ಇಂದು ಆ ಅವಸರವಿಲ್ಲ. ಮೂಲ ಫೈಲನ್ನು ಲೇಯರ್ ಸಮೇತ ಉಳಿಸಿ, ಪ್ರತಿಯನ್ನಷ್ಟೇ ಮರ್ಜ್ ಮಾಡಿ.