ತಗಾದೆ: ಅಂಗಳದಿಂದ ಟೆಲಿಫೋನಿಗೆ

ಸಾಲದ ವ್ಯವಹಾರಕ್ಕೆ ನಾವು ಬಳಸುವ ಕನ್ನಡ ಪದಗಳನ್ನು ಒಂದೆಡೆ ಗುಡ್ಡೆ ಹಾಕಿ ನೋಡಿದರೆ, ಉರ್ದು ಶಾಲೆಯಲ್ಲಿ ಅಕ್ಷರ ಕಲಿತವನಿಗೆ ತನ್ನ ಹಳೆಯ ಪಠ್ಯಪುಸ್ತಕವನ್ನೇ ತೆರೆದಂತಾಗುತ್ತದೆ. ಬಾಕಿ, ವಸೂಲಿ, ಜಾಮೀನು, ಜಪ್ತಿ, ಹರಾಜು, ಕರಾರು ಎಲ್ಲವೂ ಅರಬ್ಬಿ-ಪಾರಸಿಯ ದಾರಿಯಲ್ಲಿ ಹೊರಟು ಕಚೇರಿ ಮತ್ತು ಪೇಟೆಗಳನ್ನು ಹಾದು ನಮ್ಮ ನುಡಿಗೆ ಬಂದವು. ಬರುವಾಗ ಕೆಲವು ವೇಷ ಬದಲಿಸಿದವು. 'ವಾದಾ' ಎಂದರೆ ಕೊಟ್ಟ ಮಾತು. ಕನ್ನಡದ 'ವಾಯಿದೆ'ಯಲ್ಲಿ ಅದು ಗಡುವಾಗಿಬಿಟ್ಟಿತು. 'ತಕರಾರ್' ಎಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ಇಲ್ಲಿ ಅದು ಜಗಳ, ಆಕ್ಷೇಪಣೆ. 'ತಕಾಜಾ' ಎಂದರೆ ಬರಬೇಕಾದುದನ್ನು ಕೇಳುವುದು. ಅದೇ ನಮ್ಮ 'ತಗಾದೆ'. ಅಚ್ಚ ಕನ್ನಡದ 'ಸಾಲಗಾರ' ಇವೆಲ್ಲಕ್ಕಿಂತ ವಿಚಿತ್ರ. ಸಾಲ ಕೊಟ್ಟವನೂ ಸಾಲಗಾರ, ಪಡೆದವನೂ ಸಾಲಗಾರ. ಬಾಗಿಲು ತಟ್ಟುತ್ತಿರುವವನು ಯಾರು, ಒಳಗೆ ಉಸಿರು ಬಿಗಿಹಿಡಿದು ಕುಳಿತವನು ಯಾರು ಎಂಬುದು ವಾಕ್ಯ ಪೂರ್ತಿಯಾಗುವವರೆಗೆ ತಿಳಿಯುವುದಿಲ್ಲ.

ಕೊಟ್ಟ ಹಣವನ್ನು ಕೇಳುವ ಹಕ್ಕು ಕೊಟ್ಟವನಿಗೆ ಇದೆ. ಅದನ್ನು ಯಾವ ಕಾಲದ ಕಾನೂನೂ ಅಲ್ಲಗಳೆದಿಲ್ಲ. ಜಗಳವಿದ್ದದ್ದು ಹೇಗೆ ಕೇಳಬೇಕು ಎಂಬುದರ ಮೇಲೆ. ಯಾವ ಹೊತ್ತಿಗೆ, ಯಾರ ಎದುರಿಗೆ, ಯಾವ ದನಿಯಲ್ಲಿ, ಮನೆಯ ಯಾವ ಹೊಸ್ತಿಲವರೆಗೆ? ಇಂದು ಮೊಬೈಲಿಗೆ ಬರುವ ವಸೂಲಿ ಕರೆಗಳಿಂದ ನಡುಗುವವರು ತಾವು ಒಂಟಿ ಎಂದುಕೊಳ್ಳುತ್ತಾರೆ. ಆದರೆ ಈ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆ ಇದೆ.

ಮಿರ್ಜಾ ಗಾಲಿಬನ ಉದಾಹರಣೆ ಉರ್ದು ಬಲ್ಲವರಿಗೆ ಹೊಸದಲ್ಲ. 1830ರ ದಶಕದಲ್ಲಿ ಸಾಲದ ಡಿಕ್ರಿಯಾಗಿ ಆತ ಹಗಲು ಹೊತ್ತು ಮನೆಯಿಂದ ಹೊರಗೆ ಕಾಲಿಡದಂತಾಗಿತ್ತು. ಮನೆತನಸ್ಥರನ್ನು ಮನೆಯೊಳಗೆ ನುಗ್ಗಿ ಹಿಡಿಯುವಂತಿರಲಿಲ್ಲ. ಹೊರಗೆ ಸಿಕ್ಕರೆ ಮಾತ್ರ ಬಂಧನ. ಹೀಗಾಗಿ ಕತ್ತಲಾದ ಮೇಲೆ ಮಾತ್ರ ಗೆಳೆಯರ ಮನೆಗೆ ಹೋಗಿಬರುತ್ತಿದ್ದ. ಮಹಾಕವಿಗೆ ಹೊಸ್ತಿಲಾದರೂ ರಕ್ಷಣೆ ಕೊಟ್ಟಿತು. ಬಡರೈತನಿಗೆ ಆ ಭಾಗ್ಯವಿರಲಿಲ್ಲ.

ಬ್ರಿಟಿಷರು 1859ರಲ್ಲಿ ಒಂದು ಕಾಲಮಿತಿ ಕಾಯಿದೆ ತಂದರು. ಸಾಲಪತ್ರದ ಆಯುಸ್ಸು ಮೂರು ವರ್ಷ, ಆಮೇಲೆ ಅದರ ಮೇಲೆ ದಾವೆ ಇಲ್ಲ. ಬಡ್ಡಿ ಬೆಳೆಯದಿರಲಿ ಎಂಬುದು ಉದ್ದೇಶ. ಸಾಹುಕಾರ ಅದನ್ನೇ ತಿರುಗಿಸಿದ. ಮೂರು ವರ್ಷ ತುಂಬುವ ಮುನ್ನ ರೈತನನ್ನು ಕರೆಸಿ, ಅಸಲಿಗೆ ಬಡ್ಡಿ ಸೇರಿಸಿ, ಇಡೀ ಮೊತ್ತವನ್ನು ಹೊಸ ಅಸಲಾಗಿ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಓದಲು ಬಾರದವನಿಗೆ ತಾನು ಏನಕ್ಕೆ ಹೆಬ್ಬೆಟ್ಟು ಒತ್ತಿದೆ ಎಂಬುದು ಅಮೀನ ಜಪ್ತಿಗೆ ಬಂದ ದಿನವೇ ಗೊತ್ತಾಗುತ್ತಿತ್ತು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ದಖ್ಖನಿನ ಹತ್ತಿಗೆ ಬಂಗಾರದ ಬೆಲೆ ಬಂತು. ಸಾಹುಕಾರ ಕರೆಕರೆದು ಸಾಲ ಕೊಟ್ಟ. ಯುದ್ಧ ಮುಗಿಯಿತು, ಬೆಲೆ ಬಿತ್ತು, ಅದೇ ಹೊತ್ತಿಗೆ ಸರ್ಕಾರ ಕಂದಾಯ ಏರಿಸಿತು, ಸಾಹುಕಾರ ಹೊಸ ಸಾಲ ನಿಲ್ಲಿಸಿದ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ದಂಗೆ ಪುಣೆ, ಅಹಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಈ ದಂಗೆಯಲ್ಲಿ ಕತೆಗಾರನ ಕಣ್ಣಿಗೆ ಬೀಳುವ ಸಂಗತಿಯೆಂದರೆ, ಜನ ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು ಮತ್ತು ಲೆಕ್ಕದ ಪುಸ್ತಕಗಳನ್ನು. ಅವು ಕೈಗೆ ಸಿಕ್ಕಲ್ಲಿ ಬೀದಿಯಲ್ಲೇ ಸುಟ್ಟರು. ಪತ್ರ ಒಪ್ಪಿಸಿದ ಸಾಹುಕಾರನ ಮೈಮುಟ್ಟಿದ್ದು ಕಡಿಮೆ. ಅವರ ಪಾಲಿಗೆ ಶತ್ರು ಇದ್ದದ್ದು ತಾವು ಓದಲಾಗದ ಆ ಕಾಗದದಲ್ಲಿ.

ಸರ್ಕಾರ ಆಯೋಗ ನೇಮಿಸಿತು, ಅದರ ವರದಿ 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಹೋಯಿತು, 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂತು. ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕುವುದನ್ನು ಅದು ನಿಲ್ಲಿಸಿತು. ನ್ಯಾಯಾಧೀಶ ಕಾಗದವನ್ನಷ್ಟೇ ನೋಡಿ ತೀರ್ಪು ಕೊಡದೆ, ಅದರ ಹಿಂದಿನ ವ್ಯವಹಾರವನ್ನು ಮೊದಲಿನಿಂದ ಕೆದಕಬೇಕು ಎಂದಿತು. ರಸೀದಿ ಕೇಳುವುದು, ಲೆಕ್ಕ ಕೇಳುವುದು ಸಾಲ ಪಡೆದವನ ಹಕ್ಕಾಯಿತು. ಫೋನು ಹಿಡಿದು ನಡುಗುವ ಇಂದಿನವನಿಗೂ ಮೊದಲ ಆಯುಧ ಇದೇ: 'ಲೆಕ್ಕದ ವಿವರವನ್ನು ಬರಹದಲ್ಲಿ ಕಳಿಸಿ.'

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇಂದಿಗೂ ಜಾರಿಯಲ್ಲಿದೆ. ವಕೀಲರು ಮಾತ್ರ ಓದುವ ಈ ಒಣ ಪುಸ್ತಕದಲ್ಲಿ ಮನುಷ್ಯತ್ವದ ಕೆಲವು ಸಾಲುಗಳು ಅಡಗಿವೆ. ಡಿಕ್ರಿ ಹಿಡಿದು ಬಂದ ಅಮೀನ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ವಾಸದ ಮನೆಯೊಳಕ್ಕೆ ಹೋಗಕೂಡದು. ಸಾಲಕ್ಕೆ ಸಂಬಂಧವಿಲ್ಲದ, ಪರದೆಯಲ್ಲಿರುವ ಹೆಂಗಸು ಇರುವ ಕೋಣೆಯಾದರೆ, ಆಕೆ ಹೊರಹೋಗಲು ಮೊದಲು ತಿಳಿಸಿ, ಅವಕಾಶ ಕೊಡಬೇಕು. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತೆಯೇ ಇಲ್ಲ. ಅರವತ್ತನೆಯ ಕಲಮು ಜಪ್ತಿ ಮಾಡಬಾರದ ವಸ್ತುಗಳನ್ನು ಎಣಿಸುತ್ತದೆ: ಉಡುವ ಬಟ್ಟೆ, ಅಡುಗೆಯ ಪಾತ್ರೆ, ಮಂಚ ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬುದಾರನ ಹತ್ಯಾರು, ರೈತನ ನೇಗಿಲು, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ. ಡಿಕ್ರಿ ಇರುವ ಕೋರ್ಟಿನ ಅಮೀನನಿಗೇ ಇಷ್ಟು ಕಟ್ಟುಪಾಡು ಇರುವಾಗ, ಯಾವ ಡಿಕ್ರಿಯೂ ಇಲ್ಲದ ವಸೂಲಿ ಹುಡುಗ ಮನೆಯ ಟಿ.ವಿ., ಗ್ಯಾಸ್ ಸಿಲಿಂಡರ್ ಹೊತ್ತೊಯ್ಯುವುದಕ್ಕೆ ಯಾವ ಕಾನೂನಿನ ಆಧಾರವಿದೆ?

ಕೋರ್ಟಿಗೆ ಹೋಗದೆ ವಸೂಲಿ ಮಾಡುವವರ ಕತೆಯಲ್ಲಿ ನಮ್ಮವರೂ ಇದ್ದಾರೆ. ಕೊಲ್ಕತ್ತ, ಮುಂಬೈಗಳ ಗಿರಣಿ ಬಾಗಿಲಲ್ಲಿ ಸಂಬಳದ ದಿನ ಕೋಲು ಹಿಡಿದು ನಿಲ್ಲುತ್ತಿದ್ದ ಕಾಬೂಲಿ, ಪಠಾಣರನ್ನು ಆ ಕಾಲದ ಕಾರ್ಮಿಕರು ಮರೆತಿರಲಾರರು. ಟಾಗೋರರ ಕಾಬೂಲಿವಾಲ ರಹಮತನ ಬಗ್ಗೆ ನಮಗೆಲ್ಲ ಅಕ್ಕರೆ. ಆದರೆ ಆತ ಜೈಲು ಸೇರಿದ್ದು ಸಾಲಕ್ಕೆ ಕೊಟ್ಟ ಶಾಲಿನ ಹಣ ಕೇಳಲು ಹೋಗಿ ಚೂರಿ ಹಾಕಿದ್ದಕ್ಕೆ. ಬಡ್ಡಿ ನಿಷಿದ್ಧ ಎನ್ನುವ ಧರ್ಮದವರೇ ಬಡ್ಡಿಗಾಗಿ ಕೋಲೆತ್ತಿದ್ದನ್ನು ಮುಚ್ಚಿಡುವ ಅಗತ್ಯವಿಲ್ಲ. ವಿಟ್ಲೆ ಅಧ್ಯಕ್ಷತೆಯ ಕಾರ್ಮಿಕ ಆಯೋಗ 1931ರ ವರದಿಯಲ್ಲಿ, ಸಾಲ ವಸೂಲಿಗಾಗಿ ಕೆಲಸದ ಜಾಗವನ್ನು ಸುತ್ತುಗಟ್ಟುವುದನ್ನು ಅಪರಾಧವಾಗಿಸಬೇಕೆಂದಿತು. 1934ರಲ್ಲಿ ಬಂಗಾಳ ಅಂಥ ಕಾಯಿದೆ ಮಾಡಿತು. 1946ರ ಮುಂಬೈ ಲೇವಾದೇವಿದಾರರ ಕಾಯಿದೆ ಇನ್ನೂ ವಿವರಕ್ಕಿಳಿಯಿತು: ಸಾಲ ಪಡೆದವನನ್ನು ಊರಿಂದೂರಿಗೆ ಹಿಂಬಾಲಿಸುವುದು, ಅವನ ಮನೆ ಅಥವಾ ಕೆಲಸದ ಜಾಗದ ಬಳಿ ಸುಳಿದಾಡುವುದು, ಬೆದರಿಸುವುದು ಎಲ್ಲವೂ ಶಿಕ್ಷಾರ್ಹ. ಬೆಳಗಾವಿ, ಧಾರವಾಡ, ಬಿಜಾಪುರಗಳು ಆಗ ಮುಂಬೈ ಪ್ರಾಂತದಲ್ಲಿದ್ದುದರಿಂದ ಇದು ನಮ್ಮ ಕಾನೂನೂ ಆಗಿತ್ತು.

ಮುಂದೆ ದೇವರಾಜ ಅರಸರ ಕಾಲದಲ್ಲಿ 1976ರ ಋಣ ಪರಿಹಾರ ಕಾಯಿದೆ ಬಂದು, ಬಡವರು ಅಡವಿಟ್ಟ ವಸ್ತುಗಳನ್ನು ಹಿಂತಿರುಗಿಸಲು ಹೇಳಿತು. 1980ರಲ್ಲಿ ಸುಪ್ರೀಂ ಕೋರ್ಟು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ದೊಡ್ಡ ಮಾತು ಹೇಳಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನ ತಿರುಳು ಇಷ್ಟು: ಕೈಯಲ್ಲಿ ಇಲ್ಲದೆ ಕೊಡಲಾಗದವನನ್ನು, ಬರೀ ಕೊಡಲಿಲ್ಲವೆಂಬ ಕಾರಣಕ್ಕೆ ಜೈಲಿಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ. ಇದ್ದೂ ಕೊಡದ ಮೋಸಗಾರನ ಮಾತು ಬೇರೆ. ಕಂತು ಕಟ್ಟಲಾಗದಿರುವುದು ಸಿವಿಲ್ ವ್ಯಾಜ್ಯ, ಅಪರಾಧವಲ್ಲ. ಹಾಗೆಂದು ಪೂರ್ತಿ ನಿಶ್ಚಿಂತರಾಗುವಂತಿಲ್ಲ. 1989ರಿಂದ ಚೆಕ್ ಬೌನ್ಸ್ ಆಗುವುದು ಅಪರಾಧ. ಸಾಲ ಕೊಡುವವರು ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ಹಳೆಯ ಹೆಬ್ಬೆಟ್ಟಿನ ಜಾಗಕ್ಕೆ ಅದು ಬಂದಿದೆ.

ಫೋನು ಬಂದ ಮೇಲೆ ಅಂಗಳವೇ ಬೇಕಿಲ್ಲವಾಯಿತು. ಕ್ರೆಡಿಟ್ ಕಾರ್ಡು, ವಾಹನ ಸಾಲಗಳ ಭರಾಟೆಯಲ್ಲಿ ಬ್ಯಾಂಕುಗಳು ವಸೂಲಿಯನ್ನು ಏಜೆನ್ಸಿಗಳಿಗೆ ಗುತ್ತಿಗೆ ಕೊಟ್ಟವು. 2003ರಲ್ಲೇ ರಿಸರ್ವ್ ಬ್ಯಾಂಕ್, ಹೊತ್ತಲ್ಲದ ಹೊತ್ತಿನಲ್ಲಿ ಪೀಡಿಸುವುದು, ತೋಳ್ಬಲ ಬಳಸುವುದು ಸಲ್ಲದೆಂದು ಬ್ಯಾಂಕುಗಳಿಗೆ ತಿಳಿಸಿತ್ತು. 2007ರಲ್ಲಿ ಸುಪ್ರೀಂ ಕೋರ್ಟು, ವಸೂಲಿ ಕಾನೂನಿನ ಮೂಲಕ ನಡೆಯಬೇಕೇ ಹೊರತು ಗೂಂಡಾಗಳ ಮೂಲಕ ಅಲ್ಲ ಎಂದಿತು. 2008ರ ಏಪ್ರಿಲ್‌ನಲ್ಲಿ ಬಂದ ನಿಯಮಗಳು ಏಜೆಂಟನ ಬಳಿ ಗುರುತಿನ ಚೀಟಿ, ಬ್ಯಾಂಕಿನ ಅಧಿಕಾರಪತ್ರ ಇರಬೇಕು, ತರಬೇತಿ ಆಗಿರಬೇಕು ಎಂದವು. 2022ರ ಆಗಸ್ಟ್ 12ರ ಸುತ್ತೋಲೆ ಗಡಿಯಾರವನ್ನೇ ಮುಂದಿಟ್ಟಿತು: ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಕೂಡದು. ಬೈಗುಳ, ಬೆದರಿಕೆ, ಹೆಸರು ಹೇಳದ ಕರೆ, ಮನೆಯವರ ಹಾಗೂ ಸ್ನೇಹಿತರ ಬದುಕಿನಲ್ಲಿ ತಲೆಹಾಕುವುದು ಎಲ್ಲವೂ ನಿಷಿದ್ಧ. ಅದೇ ವರ್ಷ ಮಾರ್ಚಿನಲ್ಲಿ ಕಿರುಸಾಲಕ್ಕೆ ಮಾಡಿದ ನಿಯಮದಲ್ಲಿ ಹೊತ್ತು ಇನ್ನೂ ಕಡಿಮೆ, 9ರಿಂದ 6. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ; ಪಡೆದವರು ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. 1908ರ ಅಮೀನನ ಸೂರ್ಯಾಸ್ತ ಮತ್ತೆ ನೆನಪಾಗುತ್ತದೆ.

ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬಳು ಒಂದು ಸಂಜೆ ಫೋನನ್ನು ನನ್ನ ಕೈಗೆ ಕೊಟ್ಟು, "ಸುನೋ ಭಾಯ್, ಕ್ಯಾ ಬೋಲ್ತಾ ದೇಖೋ" ಎಂದಳು. ಎರಡು ಕಂತು ತಪ್ಪಿತ್ತು. ಆ ಕಡೆಯ ಹುಡುಗ, ನಾಳೆ ಪೊಲೀಸರು ವಾರಂಟ್ ತರುತ್ತಾರೆ, ಮಗನ ಶಾಲೆಯ ಹೆಡ್‌ಮಾಸ್ಟರಿಗೂ ಫೋನ್ ಹೋಗುತ್ತದೆ ಎನ್ನುತ್ತಿದ್ದ. ನಿಮ್ಮ ಹೆಸರೇನಪ್ಪ, ಯಾವ ಸಂಸ್ಥೆ, ಅಧಿಕಾರಪತ್ರದ ನಂಬರೇನು, ಈ ಮಾತನ್ನೇ ಕಾಗದದಲ್ಲಿ ಬರೆದು ಕಳಿಸುತ್ತೀರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನಮಗೂ ಟಾರ್ಗೆಟ್ ಇರುತ್ತೆ" ಎಂದ. ಅವನ ವಯಸ್ಸು ಇಪ್ಪತ್ತೆರಡು ಇದ್ದೀತು. ಅವನ ಮೇಲೂ ಯಾರೋ ತಗಾದೆ ಮಾಡುತ್ತಿದ್ದರು.

ಆಕೆಯ ಭಯ ಪೊಲೀಸರದ್ದಾಗಿರಲಿಲ್ಲ, ಹೆಡ್‌ಮಾಸ್ಟರದ್ದು. ಮರ್ಯಾದೆಯನ್ನೇ ಒತ್ತೆ ಇಟ್ಟುಕೊಳ್ಳುವ ಈ ಉಪಾಯವನ್ನು ಮೊಬೈಲ್ ಸಾಲದ ಆ್ಯಪ್‌ಗಳು ಪೂರ್ಣಗೊಳಿಸಿದವು. ಐದು ಸಾವಿರ ಕೊಡುವಾಗ ಫೋನಿನೊಳಗಿನ ನಂಬರುಗಳನ್ನೆಲ್ಲ ಎಳೆದುಕೊಂಡು, ಕಂತು ತಪ್ಪಿದೊಡನೆ ಬೀಗರಿಗೆ, ಮಾಲೀಕನಿಗೆ, ಮಸೀದಿಯ ಇಮಾಮರಿಗೆ ಸಂದೇಶ ಕಳಿಸುವುದು, ಚಿತ್ರ ತಿರುಚಿ ಹಂಚುವುದು. 2021ರಲ್ಲಿ ರಿಸರ್ವ್ ಬ್ಯಾಂಕಿನ ಕಾರ್ಯತಂಡ ಎರಡು ತಿಂಗಳ ಅವಧಿಯಲ್ಲಿ ಕಂಡ ಸುಮಾರು 1100 ಆ್ಯಪ್‌ಗಳಲ್ಲಿ 600 ಅಕ್ರಮವೆಂದು ಹೇಳಿತು. 2022ರ ಸೆಪ್ಟೆಂಬರ್ 2ರ ಮಾರ್ಗಸೂಚಿ, ಸಾಲದ ಆ್ಯಪ್ ಫೋನಿನ ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಫೋಟೋಗಳನ್ನು ಮುಟ್ಟಕೂಡದೆಂದಿತು. ಅಕ್ರಮದವರು ಮಾರ್ಗಸೂಚಿ ಓದುವುದಿಲ್ಲ ಎಂಬುದು ಬೇರೆ ಮಾತು. ಅಂಥವರ ಮೇಲೆ 1930 ಸೈಬರ್ ಸಹಾಯವಾಣಿಗೂ ಠಾಣೆಗೂ ದೂರು ಕೊಡಬಹುದು. ಯಾರೇ ಬೆದರಿಸಿದರೂ ಅದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅಪರಾಧ.

2025ರ ಆರಂಭದಲ್ಲಿ ಕಿರುಸಾಲದ ಕಾಟಕ್ಕೆ ಹೆದರಿ ಮನೆಗೆ ಬೀಗ ಜಡಿದು ಊರು ಬಿಟ್ಟವರ ಸುದ್ದಿ ಚಾಮರಾಜನಗರ ಮುಂತಾದ ಕಡೆಗಳಿಂದ ಬಂತು. ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ನಂತರ ಅದನ್ನು ಶಾಸನ ಮಾಡಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಬಲವಂತವೆಂದರೇನು ಎಂದು ಅದು ವಿವರಿಸುವಲ್ಲಿ ಹಿಂಬಾಲಿಸುವುದು, ಮನೆಯ ಬಳಿ ಪದೇಪದೇ ಸುಳಿಯುವುದು ಇವೆ. 1946ರ ಭಾಷೆಯನ್ನು ಓದಿದವರಿಗೆ ಹಳೆಯ ಪರಿಚಯದವರನ್ನು ಕಂಡಂತಾಗುತ್ತದೆ.

ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯಿಂದ ಕಾಟವಾದರೆ ಮೊದಲು ಆ ಸಂಸ್ಥೆಗೇ ಬರಹದಲ್ಲಿ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಕರೆ ಬಂದ ದಿನ, ಹೊತ್ತು, ನಂಬರು, ಆಡಿದ ಮಾತು ಇಷ್ಟನ್ನು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಾದರೂ ಬರೆದಿಡಬೇಕು. ಕೊಡಬೇಕಾದ ಸಾಲವನ್ನು ಇದರಿಂದ ಯಾರೂ ಮನ್ನಾ ಮಾಡುವುದಿಲ್ಲ. ಎಷ್ಟು ಕೊಡಬಲ್ಲೆ, ಯಾವಾಗ ಕೊಡಬಲ್ಲೆ ಎಂದು ನಾವೇ ಮೊದಲು ಬರೆದು ಕಳಿಸುವುದು ಒಳ್ಳೆಯದು. ಬಹಳ ಹಳೆಯ ಸಾಲವಾದರೆ ಮಾತ್ರ, ಬರೆಯುವ ಮುಂಚೆ ಬಲ್ಲವರನ್ನು ಕೇಳಬೇಕು. ಮೂರು ವರ್ಷದ ಕಾಲಮಿತಿ 1963ರ ಕಾಯಿದೆಯಲ್ಲೂ ಉಳಿದಿದೆ. ಅದು ಮುಗಿಯುವ ಮೊದಲು ಸಾಲವನ್ನು ಒಪ್ಪಿ ಸಹಿ ಮಾಡಿದ ಕಾಗದ ಆ ಗಡಿಯಾರವನ್ನು ಮೊದಲಿನಿಂದ ತಿರುಗಿಸುತ್ತದೆ. ಸುಪಾದ ಸಾಹುಕಾರನಿಗೆ ಇದು ಚೆನ್ನಾಗಿ ಗೊತ್ತಿತ್ತು.